ಕಸ ಗುಡಿಸುವ ಕೈಗೆ ಸಲ್ಲಬೇಕಾದ ಹಣ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಪ್ರವಾಸಿಗರಿಗೆ ಮನೆ, ಕೋಣೆ, ತೋಟದ ಮನೆ ಬಾಡಿಗೆಗೆ ಕೊಡುವ ಎಲ್ಲ ಬಂಧುಗಳಿಗೆ,



ಮಳೆ ಹಿಡಿಯಿತೆಂದರೆ ನಮ್ಮ ಕಡೆಯ ರಸ್ತೆಗಳಲ್ಲಿ ಪರ ಊರಿನ ಗಾಡಿಗಳು ಹೆಚ್ಚಾಗುತ್ತವೆ. ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರದ ಕಡೆಯಿಂದ ಬಂದವರು ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಕೆನ್ನೀರಾಗಿ ಧುಮುಕುವುದನ್ನು ನೋಡುತ್ತಾರೆ, ತೂಗುಸೇತುವೆಯ ಫೋಟೋ ತೆಗೆಯುತ್ತಾರೆ, ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತಕ್ಕೆ ಹೋಗುತ್ತಾರೆ, ಹಿಡಕಲ್ ಜಲಾಶಯ ನೋಡಿ ಕರದಂಟು ಕಟ್ಟಿಸಿಕೊಂಡು ಊರಿಗೆ ಮರಳುತ್ತಾರೆ. ಚಳಿಗಾಲಕ್ಕೆ ಧೂಪದಾಳದ ಹಿನ್ನೀರಿನಲ್ಲಿ ಹಕ್ಕಿ ನೋಡುವವರು ಬರುತ್ತಾರೆ. ಮೂಡಲಗಿಯ ಶಿವಬೋಧರಂಗರ ಮಠಕ್ಕೆ ನಡೆದುಕೊಳ್ಳುವ ಮನೆತನಗಳಿವೆ, ಅರಭಾವಿಯ ತೋಟಗಾರಿಕೆ ಕಾಲೇಜಿಗೆ ಮಕ್ಕಳನ್ನು ಬಿಡಲು ಬರುವ ತಂದೆತಾಯಿಗಳಿದ್ದಾರೆ, ಮದುವೆ ಸುಗ್ಗಿಯಲ್ಲಂತೂ ಹೇಳುವುದೇ ಬೇಡ. ಇವರಿಗೆಲ್ಲ ಮಲಗಲು ಜಾಗ ಬೇಕು. ಹಾಗಾಗಿ ನಮ್ಮಲ್ಲಿ ಕೆಲವರು ಮಾಳಿಗೆಯ ಮೇಲೆ ಎರಡು ಕೋಣೆ ಕಟ್ಟಿಸಿದ್ದೇವೆ, ಕೆಲವರು ಕಬ್ಬಿನ ಹೊಲದ ನಡುವಿನ ತೋಟದ ಮನೆಗೆ ಬಣ್ಣ ಹೊಡೆಸಿ ಆ್ಯಪ್‌ಗಳಲ್ಲಿ ಹಾಕಿದ್ದೇವೆ. ನಾನೂ ಘಟಪ್ರಭೆಯ ದಂಡೆಯ ಊರೊಂದರಲ್ಲಿ ಹೀಗೆ ಕೋಣೆ ಬಾಡಿಗೆಗೆ ಕೊಡುವವಳೇ. ನಿಮ್ಮ ಜೊತೆಯವಳಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ವಿಷಯ ಒಂದೇ: ಸ್ವಚ್ಛತಾ ಶುಲ್ಕ. ಈಗ ಅದು ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿದೆ. ಒಂದು ಕಡೆ ಬಾಡಿಗೆಯಲ್ಲೇ ಬಂದುಹೋಗುತ್ತದೆ, ಇನ್ನೊಂದು ಕಡೆ ಹೊರಡುವ ಹೊತ್ತಿಗೆ ಅತಿಥಿಯ ಕೈಗೆ ಚೀಟಿ ಬರುತ್ತದೆ. ಬಾಡಿಗೆ ಕಡಿಮೆ ತೋರಿಸಿ, ಉಳಿದದ್ದನ್ನು ಸ್ವಚ್ಛತೆಯ ಹೆಸರಿನಲ್ಲಿ ತುಂಬಿಕೊಳ್ಳುವ ರೂಢಿಯೂ ಹುಟ್ಟಿದೆ. ಈ ಮೂರರಲ್ಲಿ ಯಾವುದನ್ನು ನೋಡಿದರೂ ನನ್ನನ್ನು ಕಾಡುವ ಪ್ರಶ್ನೆ ಬೇರೆಯದು. ಆ ಹಣದಲ್ಲಿ ಬಚ್ಚಲು ತಿಕ್ಕಿದ ಹೆಣ್ಣುಮಗಳ ಕೈಗೆ ಎಷ್ಟು ಹೋಯಿತು?

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವಚ್ಛತೆಯ ಹೆಸರಿನಲ್ಲಿ ತೆಗೆದುಕೊಂಡ ಹಣ ಸ್ವಚ್ಛತೆಗೇ ಹೋಗಬೇಕು. ಕೂಲಿ, ಒಗೆತ, ಫಿನಾಯಿಲು, ಕಸದ ಸಾಗಾಟ, ಅಷ್ಟೇ. ಅದರಲ್ಲಿ ಒಂದು ರೂಪಾಯಿಯೂ ನಮ್ಮ ಲಾಭವಾಗಬಾರದು. ಲಾಭ ಬೇಕೆಂದರೆ ಬಾಡಿಗೆಯಲ್ಲಿ ಇಡೋಣ. ಅದು ನಮ್ಮ ಮನೆ, ನಮ್ಮ ಬಂಡವಾಳ, ಕೇಳುವ ಹಕ್ಕು ನಮಗಿದೆ.

ಈಗ ಕೂಲಿಯ ಲೆಕ್ಕಕ್ಕೆ ಬರೋಣ, ತಪ್ಪುವುದೇ ಅಲ್ಲಿ. ಒಂದು ಕೋಣೆ ಸ್ವಚ್ಛ ಮಾಡಲು ಒಂದೂವರೆ ತಾಸು ಸಾಕು, ತಾಸಿಗೆ ಇಷ್ಟು, ಆದ್ದರಿಂದ ನೂರು ರೂಪಾಯಿ ಕೊಟ್ಟರೆ ಆಯಿತು ಎಂದು ನಾವು ಎಣಿಸುತ್ತೇವೆ. ಪಟ್ಟಣದ ಲೆಕ್ಕಕ್ಕೆ ಇದು ಸರಿ ಇರಬಹುದು. ಅಲ್ಲಿ ಒಬ್ಬಾಕೆ ಒಂದೇ ಓಣಿಯ ನಾಲ್ಕು ಮನೆ ಹಿಡಿದಿರುತ್ತಾಳೆ, ಒಂದು ಮುಗಿಸಿ ಇನ್ನೊಂದಕ್ಕೆ ಹೋಗುತ್ತಾಳೆ. ನಮ್ಮ ಊರುಗಳಲ್ಲಿ ಕೋಣೆ ಸ್ವಚ್ಛ ಮಾಡಲು ಬರುವಾಕೆ ಬೇರೆ ದಿನಗಳಲ್ಲಿ ಹೊಲಕ್ಕೆ ಹೋಗುವವಳು. ಕಬ್ಬಿನ ಕಳೆ, ಗೋವಿನಜೋಳದ ರಾಶಿ, ಅರಿಷಿಣದ ಕೆಲಸ. ಅಲ್ಲಿಗೆ ಬೆಳಿಗ್ಗೆ ಗುಂಪಿನ ಜೊತೆ ಟಂಟಂ ಹತ್ತಿದರೆ ಪೂರ್ತಿ ದಿನದ ಪಗಾರ, ತಪ್ಪಿಸಿಕೊಂಡರೆ ಅಂದಿನ ದಿನ ಹೋಯಿತು. ಅತಿಥಿಗಳು ಕೋಣೆ ಬಿಡುವುದು ಹನ್ನೊಂದಕ್ಕೆ, ಹೊಸಬರು ಬರುವುದು ಎರಡಕ್ಕೆ. ಆ ನಡುವಿನ ಹೊತ್ತಿಗೆ ನಾವು ಅವಳನ್ನು ಕರೆಯುತ್ತೇವೆ. ನಮ್ಮ ಕಣ್ಣಿಗೆ ಅದು ಒಂದೂವರೆ ತಾಸಿನ ಕೆಲಸ. ಅವಳಿಗೆ ಮುರಿದುಹೋದದ್ದು ಇಡೀ ಒಂದು ದಿನ. ಹೀಗಿರುವಾಗ ತಾಸಿನ ಲೆಕ್ಕದಲ್ಲಿ ಪಗಾರ ಹಿಡಿಯುವುದು ನ್ಯಾಯವಲ್ಲ.

ಹಾಗಾದರೆ ಎಷ್ಟು? ಕೆಳಗಿನ ಮಿತಿ ಹುಡುಕಲು ದೂರ ಹೋಗಬೇಕಿಲ್ಲ. 2025–26ರ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಕೆರೆಯ ಹೂಳು ಎತ್ತುವವರಿಗೆ ಸರ್ಕಾರವೇ ಕೊಟ್ಟ ಹಣ ಅದು. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡುವುದರಲ್ಲಿ ನಮ್ಮ ರಾಜ್ಯ ಬಹಳ ರಾಜ್ಯಗಳಿಗಿಂತ ಮುಂದಿತ್ತು. 2004ರಲ್ಲೇ ಅದನ್ನು ಗೊತ್ತುಮಾಡಿತ್ತು. ಆ ದರ ಕಾಲಕಾಲಕ್ಕೆ ಬದಲಾಗುತ್ತದೆ, ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಇವೆಲ್ಲ ಇದಕ್ಕಿಂತ ಕೆಳಗೆ ಇಳಿಯಬೇಡಿ ಎಂದು ಹಾಕಿದ ಗೆರೆಗಳು. ಪರರ ಕಕ್ಕಸು ತಿಕ್ಕುವ, ಪರರು ಕುಡಿದು ಕಾರಿಕೊಂಡ ಹಾಸಿಗೆ ಒಗೆಯುವ ಕೆಲಸಕ್ಕೆ ಎಲ್ಲಕ್ಕಿಂತ ಕೆಳಗಿನ ಕೂಲಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಸ್ವಚ್ಛತೆಯ ದಿನಗೂಲಿ 500 ರೂಪಾಯಿಗಿಂತ ಕಡಿಮೆ ಇರಬಾರದು. ಎರಡು ತಾಸು ಕರೆದರೂ ಅರ್ಧ ದಿನದ್ದನ್ನು ಕೊಡಬೇಕು, ಎರಡು ತಾಸು ದಾಟಿದರೆ ಪೂರ್ತಿ ದಿನದ್ದನ್ನು.

ಒಂದು ಲೆಕ್ಕ ಬಿಡಿಸಿ ತೋರಿಸುತ್ತೇನೆ. ಎರಡು ಕೋಣೆ, ಪಡಸಾಲೆ, ಅಡುಗೆಮನೆ, ಎರಡು ಬಚ್ಚಲು ಇರುವ ತೋಟದ ಮನೆ ಎನ್ನಿ. ಎಂಟು ಜನ ಶನಿವಾರ ಬಂದು ರವಿವಾರ ಹೋಗುತ್ತಾರೆ. ಇಬ್ಬರು ಹೆಣ್ಣುಮಕ್ಕಳು ಹನ್ನೊಂದರಿಂದ ಮೂರರವರೆಗೆ ದುಡಿದರೆ ಪೂರ್ತಿ ದಿನದ ಕೂಲಿ ಇಬ್ಬರದೂ ಸೇರಿ 1,000 ರೂಪಾಯಿ. ಹಾಸಿಗೆ, ದಿಂಬಿನ ಬಟ್ಟೆ, ಹೊದಿಕೆಗಳ ಒಗೆತಕ್ಕೆ ನೀರು, ಪುಡಿ, ಕರೆಂಟು ಸೇರಿ 200. ಫಿನಾಯಿಲು, ಸಾಬೂನು, ಕಸಬರಿಗೆ ಸವೆತ 60. ಕಸ ಸಾಗಿಸಲು 40. ಒಟ್ಟು 1,300. ಎಂಟು ಜನಕ್ಕೆ ಹಂಚಿದರೆ ತಲೆಗೆ 162 ರೂಪಾಯಿ 50 ಪೈಸೆ. ಬುಕ್ ಮಾಡುವಾಗಲೇ ಇಷ್ಟು ಎಂದು, ಇಂಥದಕ್ಕೆ ಎಂದು ಹೇಳಿದರೆ ಒಲ್ಲೆ ಎನ್ನುವವರು ಕಡಿಮೆ. ಒಲ್ಲೆ ಎನ್ನುವವರು ಬರದಿದ್ದರೂ ನಡೆಯುತ್ತದೆ. ಅಂಕಿಗಳು ನಿಮ್ಮ ಊರಿಗೆ, ನಿಮ್ಮ ಮನೆಯ ಅಳತೆಗೆ ತಕ್ಕಂತೆ ಹೆಚ್ಚುಕಡಿಮೆ ಆಗಲಿ, ಲೆಕ್ಕ ಹಾಕುವ ರೀತಿ ಇದಾಗಿರಲಿ ಎನ್ನುವುದು ನನ್ನ ಬೇಡಿಕೆ.

ಒಂದೇ ಕೋಣೆಗೆ ಬರುವ ಗಂಡ ಹೆಂಡತಿಯ ಮಾತು ಬೇರೆ. ಅಲ್ಲಿ ಅರ್ಧ ದಿನದ ಕೂಲಿ 250, ಒಗೆತ 50, ಸಾಮಾನು 30, ಒಟ್ಟು 330 ಆಗುತ್ತದೆ. ಒಂದು ರಾತ್ರಿ ಇದ್ದು ಹೋದರೂ ಅಷ್ಟೇ ಖರ್ಚು, ಮೂರು ರಾತ್ರಿ ಇದ್ದರೂ ಹೆಚ್ಚುಕಡಿಮೆ ಅಷ್ಟೇ. ಇದನ್ನು ಬೇರೆ ಶುಲ್ಕವಾಗಿ ಬರೆದರೆ ಒಂದು ರಾತ್ರಿಯವರಿಗೆ ಭಾರ ಅನಿಸುತ್ತದೆ. ಪ್ರತಿ ರಾತ್ರಿಗೂ ಸೇರಿಸಿದರೆ ಮೂರು ರಾತ್ರಿ ಇರುವವರಿಂದ ಮೂರು ಸಲ ತೆಗೆದುಕೊಂಡಂತಾಗುತ್ತದೆ. ನಾನು ಕಂಡುಕೊಂಡ ದಾರಿ ಸರಳವಾಗಿದೆ. ಮೊದಲ ರಾತ್ರಿಗೆ 1,830, ಎರಡನೆಯ ರಾತ್ರಿಯಿಂದ 1,500 ಎಂದು ಬರೆದುಬಿಡುವುದು. ಶುಲ್ಕದ ಹೆಸರೇ ಬೇಡ. ಕೇಳಿದವರಿಗೆ ಕಾರಣ ಹೇಳುವುದು. ಬೇರೆಯಾಗಿ ಸ್ವಚ್ಛತಾ ಶುಲ್ಕ ಬರೆಯುವುದು ಇಡೀ ಮನೆ ಕೊಟ್ಟಾಗ ಮತ್ತು ಅತಿಥಿಗಳೇ ಅಡುಗೆ ಮಾಡಿಕೊಳ್ಳುವಾಗ ಮಾತ್ರ ಇರಲಿ. ಅಂಗಳದಲ್ಲಿ ಒಲೆ ಹೂಡಿ ಮಟನ್ ಬೇಯಿಸಿದ ಮರುದಿನದ ಪಾತ್ರೆಗಳನ್ನು ತಿಕ್ಕಿದವರಿಗೆ ಗೊತ್ತು, ಅದು ಬೇರೆಯೇ ಕೆಲಸ.

ನಮ್ಮ ಭಾಗದ ಋತುಮಾನವೂ ಈ ಲೆಕ್ಕದೊಳಗೆ ಬರಬೇಕು. ಮಳೆಗಾಲದಲ್ಲಿ ಫಾಲ್ಸ್‌ನಿಂದ ತೊಯ್ದು ಬಂದವರ ಕಾಲಿಗೆ ಎರಿ ಮಣ್ಣು ಮೆತ್ತಿಕೊಂಡಿರುತ್ತದೆ. ಆ ಮಣ್ಣು ಒಂದು ನೀರಿಗೆ ಹೋಗುವಂಥದ್ದಲ್ಲ. ಕೆರೆದು, ಒರೆಸಿ, ಮತ್ತೆ ಒರೆಸಬೇಕು. ಬಟ್ಟೆ ಒಣಗುವುದಿಲ್ಲ. ಕೌದಿಯೊಂದು ತೊಯ್ದರಂತೂ ಎತ್ತಿ ಹಿಂಡಲು ಇಬ್ಬರು ಬೇಕು, ಆಷಾಢದ ಗಾಳಿಯಲ್ಲಿ ಮೂರು ದಿನವಾದರೂ ಅದರ ಹಸಿ ಆರುವುದಿಲ್ಲ. ಕೌದಿ ನಮ್ಮ ಸೀಮೆಯ ಅಂದ, ಅತಿಥಿಗಳಿಗೂ ಇಷ್ಟ, ಅದನ್ನು ಬಿಡಬೇಡಿ. ಆದರೆ ಅದರ ಮೇಲೆ ತೆಗೆದು ಒಗೆಯಬಹುದಾದ ಗಲೀಫು ಹೊಲಿಸಿ. ಹಾಸಿಗೆಯೊಂದಕ್ಕೆ ಮೂರು ಜೊತೆ ಬಟ್ಟೆ ಇರಲಿ, ಹಾಸಿದ್ದು ಒಂದು, ಒಗೆಯಲು ಹೋದದ್ದು ಒಂದು, ಕಪಾಟಿನಲ್ಲಿ ಒಂದು. ಇದು ನಮ್ಮ ಬಂಡವಾಳದ ಖರ್ಚು, ಅತಿಥಿಯ ಶುಲ್ಕಕ್ಕೆ ಹಾಕುವಂಥದ್ದಲ್ಲ. ಕಬ್ಬು ನುರಿಸುವ ತಿಂಗಳುಗಳಲ್ಲಿ ಹೊಲದಲ್ಲಿ ರವದಿ ಸುಟ್ಟ ಕರಿ ಬೂದಿ ಕಿಟಕಿಯ ಸಂದಿನಿಂದ ಬಂದು ಬಿಳಿ ಹಾಸಿಗೆಯ ಮೇಲೆ ಕೂರುತ್ತದೆ. ಬೇಸಿಗೆಯಲ್ಲಿ ಬೋರು ಬತ್ತಿ ಟ್ಯಾಂಕರ್ ತರಿಸಬೇಕಾಗುತ್ತದೆ. ಇವೆಲ್ಲ ನೆಲದ ಗುಣ. ವರ್ಷದ ಒಟ್ಟು ಖರ್ಚು ಬರೆದಿಟ್ಟು ಸರಾಸರಿ ತೆಗೆದು ಬಾಡಿಗೆಯಲ್ಲಿ ಸೇರಿಸೋಣ. ಬೂದಿ ಬಿತ್ತೆಂದು, ನೀರು ಕಡಿಮೆಯಾಯಿತೆಂದು ಬಂದವರ ಮೇಲೆ ಹಾಕುವುದು ಬೇಡ. ನೆರೆಯ ಮಾತೂ ಹಾಗೆಯೇ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಕ್ಕೆ ನುಗ್ಗಿದಾಗ ಮನೆಗಳಲ್ಲಿ ನಿಂತ ರಾಡಿಯನ್ನು ನಾವೆಲ್ಲ ನೋಡಿದ್ದೇವೆ. ಆ ರಾಡಿ ಎತ್ತಿದ ಖರ್ಚನ್ನು ಮುಂದಿನ ಅತಿಥಿಯ ಸ್ವಚ್ಛತಾ ಶುಲ್ಕದಲ್ಲಿ ಸೇರಿಸಿದರೆ ಅದು ಅನ್ಯಾಯ. ಲೋಳಸೂರ ಸೇತುವೆ ಮುಳುಗಿ ಅತಿಥಿಗಳು ಬರಲಾಗದ ದಿನ ಶುಲ್ಕವನ್ನು ಹಿಂದಿರುಗಿಸಲೇಬೇಕು, ಕೋಣೆ ಹೊಲಸೇ ಆಗಿಲ್ಲವಲ್ಲ. ಆದರೆ ಅಂದು ಕೆಲಸಕ್ಕೆಂದು ಹೊಲ ಬಿಟ್ಟು ಬಂದು ಕುಳಿತ ಹೆಣ್ಣುಮಗಳಿಗೆ ಅರ್ಧ ದಿನದ ಪಗಾರ ಕೊಟ್ಟು ಕಳಿಸುವುದು ನಮ್ಮ ಹೊಣೆ.

ಬೆಲೆ ಹೇಳುವ ರೀತಿಯ ಬಗ್ಗೆ ಹೊರಜಗತ್ತಿನಲ್ಲಿ ದೊಡ್ಡ ಜಗ್ಗಾಟವೇ ನಡೆದು ಈಗ ಒಂದು ಹದಕ್ಕೆ ಬಂದಿದೆ. ಏರ್‌ಬಿಎನ್‌ಬಿಯಲ್ಲಿ ಮೊದಲು ಕಡಿಮೆ ಬಾಡಿಗೆ ಕಾಣಿಸಿ, ಕೊನೆಯ ಪುಟದಲ್ಲಿ ಸ್ವಚ್ಛತಾ ಶುಲ್ಕ ಸೇರಿ ಮೊತ್ತ ಏರುವುದನ್ನು ಕಂಡು ಜನ ರೋಸಿದ್ದರು. 2025ರ ಏಪ್ರಿಲ್‌ನಿಂದ ಆ ಕಂಪನಿ ಎಲ್ಲ ದೇಶಗಳಲ್ಲೂ ತೆರಿಗೆ ಬಿಟ್ಟು ಉಳಿದೆಲ್ಲ ಶುಲ್ಕ ಸೇರಿದ ಒಟ್ಟು ಬೆಲೆಯನ್ನೇ ಮೊದಲು ತೋರಿಸುತ್ತಿದೆ. ಅಮೆರಿಕದಲ್ಲಿ ಅದೇ ವರ್ಷದ ಮೇ 12ರಿಂದ ಇದು ಕಾನೂನೇ ಆಯಿತು. ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ತಂತ್ರಗಳನ್ನು ಹೆಸರಿಸಿದೆ. ಮೊದಲು ಒಂದು ಬೆಲೆ ಹೇಳಿ ಆಮೇಲೆ ಸ್ವಲ್ಪಸ್ವಲ್ಪವಾಗಿ ಏರಿಸುವುದು ಅದರಲ್ಲಿ ಒಂದು. ಹೋಟೆಲುಗಳು ಬಿಲ್ಲಿಗೆ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದೆಂಬ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಎರಡು ಕೋಣೆಯ ನಮ್ಮಂಥವರ ಬಾಗಿಲಿಗೆ ಯಾವ ಅಧಿಕಾರಿಯೂ ಬರಲಿಕ್ಕಿಲ್ಲ. ಆದರೂ ಈ ನಿಯಮಗಳ ಹಿಂದಿರುವ ನ್ಯಾಯ ನಮ್ಮ ಹಿರಿಯರು ಸಂತೆಯಲ್ಲಿ ಪಾಲಿಸಿದ್ದೇ ಆಗಿದೆ. ಹೇಳಿದ ಬೆಲೆ ಹೇಳಿದ ಬೆಲೆ. ವಾಟ್ಸಾಪ್‌ನಲ್ಲಿ ಬುಕ್ ಮಾಡುವವರಿಗೂ ಮೊದಲ ಸಂದೇಶದಲ್ಲೇ ಪೂರ್ತಿ ಮೊತ್ತ ಕಳಿಸೋಣ.

ತೆರಿಗೆಯ ಒಂದು ಮಾತು, ಚಿಕ್ಕದಾಗಿ. ಸ್ವಚ್ಛತಾ ಶುಲ್ಕ ಬೇರೆ ಸಾಲಿನಲ್ಲಿ ಬರೆದರೂ ಜಿಎಸ್‌ಟಿ ಲೆಕ್ಕದಲ್ಲಿ ಅದು ವಾಸ್ತವ್ಯದ ಬೆಲೆಯ ಭಾಗವೇ. ವರ್ಷದ ವಹಿವಾಟು 20 ಲಕ್ಷ ದಾಟದೆ ನೋಂದಣಿ ಇಲ್ಲದವರು ನೇರವಾಗಿ ಕೊಟ್ಟ ಕೋಣೆಗೆ ಕೈಬರಹದ ಚೀಟಿಯಲ್ಲಿ ಜಿಎಸ್‌ಟಿ ಎಂದು ಬರೆದು ಹಣ ತೆಗೆದುಕೊಳ್ಳುವಂತಿಲ್ಲ. ಆ್ಯಪ್ ಮೂಲಕ ಬಂದ ಬುಕಿಂಗ್‌ನ ತೆರಿಗೆಯನ್ನು ಅಂಥವರ ಪರವಾಗಿ ಆ್ಯಪ್ ಕಂಪನಿಯೇ ಕಟ್ಟುತ್ತದೆ. ಕಂಪನಿಯ ಕಮಿಷನ್ ಸ್ವಚ್ಛತಾ ಶುಲ್ಕದ ಮೇಲೂ ಬೀಳುತ್ತದೆ ಎಂಬುದು ನಿಜ. 1,300 ಬರೆದರೆ ಕೈಗೆ ಬರುವುದು ಅದಕ್ಕಿಂತ ಕಡಿಮೆ. ಆ ಕೊರತೆಯನ್ನು ಗುಡಿಸುವವರ ಪಗಾರದಲ್ಲಿ ಮುರಿದುಕೊಳ್ಳುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಶುಲ್ಕ ತೆಗೆದುಕೊಂಡ ಮೇಲೆ ಅತಿಥಿಗಳಿಂದ ಏನನ್ನು ಅಪೇಕ್ಷಿಸಬಹುದು? ಎಂಜಲು ಒಂದು ಕಡೆ ಹಾಕಿ, ಬಾಟಲಿ ಒಡೆಯಬೇಡಿ, ದೀಪ ಆರಿಸಿ ಹೋಗಿ. ಇಷ್ಟು ಸಾಕು. ಶುಲ್ಕವನ್ನೂ ಕೊಡಿ, ಹಾಸಿಗೆಯನ್ನೂ ಮಡಚಿ, ಪಾತ್ರೆಯನ್ನೂ ತೊಳೆಯಿರಿ ಎಂದು ಗೋಡೆಗೆ ಪಟ್ಟಿ ಅಂಟಿಸುವುದು ಸಲ್ಲದು. ಮುರಿದದ್ದು, ಹರಿದದ್ದು ಸ್ವಚ್ಛತೆಯ ಬಾಬ್ತಿಗೆ ಸೇರುವುದಿಲ್ಲ. ಅದಕ್ಕೆ ಬೇರೆ ಠೇವಣಿ ಇರಲಿ, ಬರುವಾಗಲೇ ಅತಿಥಿಯ ಎದುರು ಕೋಣೆಯ ಫೋಟೋ ತೆಗೆದಿಡಿ, ಹೋಗುವಾಗ ಅವರ ಎದುರೇ ನೋಡಿ ಠೇವಣಿ ಮರಳಿಸಿ. ಹಾಸಿಗೆಯ ಮೇಲೆ ಚಹಾದ ಕಲೆ ಬಿದ್ದರೆ ಅದು ಮನುಷ್ಯರು ಇದ್ದುಹೋದ ಗುರುತು. ಅದಕ್ಕೆ ಐನೂರು ರೂಪಾಯಿ ಮುರಿದುಕೊಳ್ಳುವವರ ಮನೆಗೆ ಎರಡನೆಯ ಸಲ ಯಾರೂ ಬರುವುದಿಲ್ಲ.

ಕಸದ ವಿಷಯದಲ್ಲಿ ನನಗೆ ಸಂಕಟವಿದೆ. ಪ್ಲಾಸ್ಟಿಕ್ ತಟ್ಟೆ, ನೀರಿನ ಬಾಟಲಿ, ಕುರುಕಲಿನ ಪಾಕೀಟುಗಳನ್ನು ಚೀಲದಲ್ಲಿ ತುಂಬಿ ಹಳ್ಳಕ್ಕೆ ಒಗೆದರೆ ಅದು ಘಟಪ್ರಭೆಯನ್ನೇ ಸೇರುತ್ತದೆ. ಧೂಪದಾಳದ ಪಕ್ಷಿಧಾಮ ಅದೇ ನೀರಿನ ಮೇಲಿದೆ, ನಮ್ಮ ಹೊಲಗಳಿಗೆ ಕಾಲುವೆ ಹೊರಡುವುದೂ ಅಲ್ಲಿಂದಲೇ. ಗ್ರಾಮ ಪಂಚಾಯಿತಿಗಳ ಸ್ವಚ್ಛ ವಾಹಿನಿ ಗಾಡಿಗಳನ್ನು ಎಷ್ಟೋ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಅವರಿಗೆ ತಿಂಗಳ ಕರ ಕೊಟ್ಟು, ಹಸಿ ಒಣ ಬೇರೆ ಮಾಡಿ ಕಸ ಕೊಡುವುದು ಸ್ವಚ್ಛತಾ ಶುಲ್ಕ ತೆಗೆದುಕೊಳ್ಳುವವರ ಮೊದಲ ಕರ್ತವ್ಯ.

ಇನ್ನು ಬಹಳ ಗಂಭೀರವಾದ ಒಂದು ಮಾತು. ಶೌಚದ ಗುಂಡಿ ತುಂಬಿದಾಗ ಯಾವ ಮನುಷ್ಯನನ್ನೂ ಅದರೊಳಗೆ ಇಳಿಸಬೇಡಿ. 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಯಾರನ್ನಾದರೂ ಗುಂಡಿಗೆ ಇಳಿಸುವುದು ಅಪರಾಧ. ಕಾಯ್ದೆ ಇಲ್ಲದಿದ್ದರೂ ಅದು ಕೊಲೆಗೆ ಸಮ, ಗುಂಡಿಯ ವಿಷಾನಿಲ ಎರಡು ಉಸಿರಿಗೆ ಪ್ರಾಣ ತೆಗೆಯುತ್ತದೆ. ಹೀರುವ ಯಂತ್ರದ ಗಾಡಿ ತರಿಸಿ, ಅದರ ಬಾಡಿಗೆ ನೀವೇ ಕೊಡಿ. ಮತ್ತು ಕಕ್ಕಸು ತೊಳೆಯಲು ಒಂದೇ ಕೇರಿಯವರನ್ನು ಕರೆಸುವ, ಅವರ ಚಹಾಕ್ಕೆ ಬೇರೆ ಲೋಟ ಇಡುವ ರೂಢಿ ಉಳಿದಿರುವ ಮನೆಗಳು ನಮ್ಮಲ್ಲಿ ಇವೆ. ಅದು ಇಂದೇ ನಿಲ್ಲಬೇಕು. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಬಸವಣ್ಣನವರ ಪಟ ಇದೆ. ಆ ಶರಣರ ಬಳಗದಲ್ಲಿ ಸತ್ಯಕ್ಕನೆಂಬ ತಾಯಿ ಇದ್ದಳು, ಕಸ ಗುಡಿಸುವುದು ಆಕೆಯ ಕಾಯಕ. ದಾರಿಯಲ್ಲಿ ಬಿದ್ದ ಹೊನ್ನನ್ನೂ ಬಟ್ಟೆಯನ್ನೂ ಕೈಯಿಂದ ಮುಟ್ಟೆನೆಂದು ವಚನದಲ್ಲಿ ಆಣೆಯಿಟ್ಟವಳು ಅವಳು. ಅತಿಥಿಗಳು ದಿಂಬಿನಡಿ ಮರೆತುಹೋದ ಉಂಗುರವನ್ನು, ಕಪಾಟಿನಲ್ಲಿ ಬಿಟ್ಟ ಪಾಕೀಟನ್ನು ಹಾಗೆಯೇ ತಂದು ನಮ್ಮ ಕೈಗಿಡುವ ಹೆಣ್ಣುಮಕ್ಕಳು ಇಂದಿಗೂ ಸತ್ಯಕ್ಕನ ದಾರಿಯವರು. ಅವರ ಜೊತೆ ಪಡಸಾಲೆಯಲ್ಲಿ ಕುಳಿತು ಒಂದೇ ಕಿತ್ತಲಿಯ ಚಹಾ ಕುಡಿಯಲು ಆಗದಿದ್ದರೆ ಆ ಪಟಕ್ಕೆ ಊದಿನಕಡ್ಡಿ ಹಚ್ಚಿ ಫಲವಿಲ್ಲ.

ದರ ಇಳಿಸಿಕೊಂಡು ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದರೆ ಈ ಯಾವುದೂ ನಿಲ್ಲುವುದಿಲ್ಲ ಎಂದು ನನಗೆ ಗೊತ್ತು. ನೀವು 500 ಕೊಡುವಾಗ ಪಕ್ಕದ ತೋಟದವರು 200ಕ್ಕೆ ಮಾಡಿಸಿಕೊಂಡು ಬಾಡಿಗೆ ಇಳಿಸಿದರೆ ನ್ಯಾಯವಾಗಿ ನಡೆದವರೇ ಸೋಲುತ್ತಾರೆ. ಅದಕ್ಕಾಗಿಯೇ ಇದನ್ನು ಒಬ್ಬೊಬ್ಬರಿಗೆ ಹೇಳದೆ ಎಲ್ಲರಿಗೂ ಬಹಿರಂಗವಾಗಿ ಬರೆದೆ. ಒಟ್ಟಾಗಿ ನಡೆಯುವುದು ನಮಗೆ ಹೊಸದಲ್ಲ. ಹುಕ್ಕೇರಿಯವರು 1969ರಲ್ಲೇ ಸಹಕಾರಿ ಸಂಘ ಕಟ್ಟಿ ಹಳ್ಳಿಗಳಿಗೆ ತಾವೇ ವಿದ್ಯುತ್ ಹಂಚಿದರು, ಆ ಸಂಘ ಈಗಲೂ ನಡೆಯುತ್ತಿದೆ. ಗೋಕಾಕ ಫಾಲ್ಸ್‌ನ ಮಿಲ್ಲು ಸ್ಥಾಪನೆಯಾದದ್ದು 1885ರಲ್ಲಿ. ಹಾಜರಿ, ಪಗಾರ, ರಜೆ ಎಂದರೇನೆಂದು ತಲೆಮಾರುಗಳಿಂದ ಅರಿತ ಊರುಗಳು ನಮ್ಮವು. ದುಡಿಯುವವರ ಬದುಕನ್ನು ಕಾದಂಬರಿಗಳಲ್ಲಿ ಬರೆದ ಬಸವರಾಜ ಕಟ್ಟೀಮನಿಯವರು ಹುಟ್ಟಿದ ಮಲಾಮರಡಿ ಇದೇ ಗೋಕಾಕ ತಾಲ್ಲೂಕಿನದು.

ಆದ್ದರಿಂದ ಮೃಗಶಿರಾ ಮಳೆಗೆ ಮುಂಚೆ, ಅತಿಥಿಗಳ ದಂಡು ಬರುವುದಕ್ಕೂ ಮೊದಲು, ಮೂರೂ ತಾಲ್ಲೂಕಿನ ಬಾಡಿಗೆ ಮನೆಯವರು ಒಂದು ದಿನ ಘಟಪ್ರಭಾದಲ್ಲಿ ಸೇರೋಣ. ರೈಲು, ಬಸ್ಸು ಎರಡೂ ಇರುವ ಊರು, ಎಲ್ಲರಿಗೂ ಸಮೀಪ. ಆ ಸಭೆಗೆ ನಾವಷ್ಟೇ ಬಂದರೆ ಕೆಲಸ ಆಗುವುದಿಲ್ಲ. ನಮ್ಮ ಕೋಣೆ ಗುಡಿಸುವ, ಕೌದಿ ಒಗೆಯುವ ಹೆಣ್ಣುಮಕ್ಕಳನ್ನೂ ಅಂದಿನ ಪೂರ್ತಿ ದಿನದ ಕೂಲಿ ಕೊಟ್ಟು ಕರೆತರೋಣ. ಕೋಣೆಗೆ ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ಕೆಲಸಕ್ಕೆ ಇಬ್ಬರು ಬೇಕು, ಯಾವ ಆ್ಯಸಿಡ್ ಕೈ ಸುಡುತ್ತದೆ, ಕೈಗವಸು ಎಷ್ಟು ದಿನಕ್ಕೆ ಹರಿಯುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಮೊದಲು ಅವರು ಮಾತಾಡಲಿ, ದರದ ಮಾತು ಆಮೇಲೆ ಬರಲಿ. ಸಂಘ ಕಟ್ಟಿಕೊಂಡು ಹತ್ತಾರು ಮನೆಗಳ ಕೆಲಸವನ್ನು ತಾವೇ ಹಂಚಿಕೊಳ್ಳುತ್ತೇವೆ, ಪಗಾರ ಸಂಘದ ಖಾತೆಗೆ ಹಾಕಿ ಎಂದು ಅವರು ಕೇಳಿದರೆ ನಾನಂತೂ ಒಪ್ಪುತ್ತೇನೆ. ಆಗ ಒಬ್ಬೊಬ್ಬರ ದಿನ ಮುರಿಯುವುದೂ ತಪ್ಪುತ್ತದೆ. ನೀವೂ ಒಪ್ಪಬೇಕೆಂದು ಕೈಮುಗಿದು ಕೇಳುತ್ತೇನೆ. ಯಾವ ವಾರ ಅನುಕೂಲವೆಂದು ನಿಮ್ಮ ನಿಮ್ಮ ಊರಿನಲ್ಲಿ ಮಾತಾಡಿಕೊಂಡು ತಿಳಿಸಿ.

ನಿಮ್ಮಲ್ಲೊಬ್ಬಳು,
ಘಟಪ್ರಭೆಯ ದಂಡೆಯಿಂದ